ಉಪ್ಪುಗಾಳಿಯ ಊರಲ್ಲಿ ಸೈಕಲ್ ಸಾಕುವುದು

ಕಾರವಾರದಲ್ಲಿ ಸೈಕಲ್ ಇಟ್ಟುಕೊಳ್ಳಬೇಕು ಅಂದರೆ ಮೊದಲು ಒಂದು ಎಣ್ಣೆ ಡಬ್ಬಿ, ಒಂದಿಷ್ಟು ಹಳೇ ಬನಿಯನ್ ಚೂರು ಇಟ್ಟುಕೊಳ್ಳಬೇಕು. ಪರಿಸರ, ಆರೋಗ್ಯ, ಪೆಟ್ರೋಲ್ ಉಳಿತಾಯ ಎಲ್ಲ ಆಮೇಲಿನ ಮಾತು. ಇಲ್ಲಿನ ಗಾಳಿಯಲ್ಲೇ ಉಪ್ಪಿದೆ. ಮಳೆಯ ಹನಿ ಬೀಳದಿದ್ದರೂ ಸರಿ, ಜಗಲಿಯ ಮೇಲೆ ಸುಮ್ನೆ ನಿಂತ ಸೈಕಲ್ಲಿಗೂ ತುಕ್ಕು ಹಿಡಿಯುತ್ತದೆ. ಕಣ್ಣಿಗೆ ಕಾಣದ ಉಪ್ಪಿನ ಪುಡಿ ಕಬ್ಬಿಣದ ಮೇಲೆ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಆದರೆ ಕಬ್ಬಿಣದ ಮೈ ಪೂರ್ತಿ ಒಣಗಿರುವುದೇ ಇಲ್ಲ. ಸಮುದ್ರದ ಹತ್ತಿರ ಮನೆ ಕಟ್ಟಿಸಿ ಗೇಟಿಗೆ ವರ್ಷ ವರ್ಷ ಬಣ್ಣ ಬಳಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನಿರುವುದು ಸದಾಶಿವಗಡದ ಕಡೆ, ಚಿತ್ತಾಕುಲಾದಲ್ಲಿ. ಕೆಲಸ ಕಾರವಾರ ಪೇಟೆಯಲ್ಲಿ, ತೆರಿಗೆ ಲೆಕ್ಕ ಬರೆಯುವ ಒಂದು ಸಣ್ಣ ಆಫೀಸಿನಲ್ಲಿ. ನಡುವೆ ಕಾಳಿ ನದಿ. ಜೋಯಿಡಾದ ಡಿಗ್ಗಿಯ ಹತ್ತಿರ ಹುಟ್ಟಿ 184 ಕಿಲೋಮೀಟರ್ ಹರಿದು ಬಂದ ಹೊಳೆ ಸಮುದ್ರ ಸೇರುವುದು ನಮ್ಮ ಮನೆಯ ಹತ್ತಿರವೇ. ಮನೆಯಿಂದ ಆಫೀಸಿಗೆ ಆರು ಕಿಲೋಮೀಟರ್ ಆಸುಪಾಸು. ಬಹಳ ವರ್ಷ ಸ್ಕೂಟಿಯಲ್ಲೇ ಓಡಾಡಿದೆ. ಮಗ ಡಿಗ್ರಿಗೆ ಸೇರಿದ ಮೇಲೆ ಸ್ಕೂಟಿ ಅವನ ಪಾಲಾಯಿತು. ಇನ್ನೊಂದು ಗಾಡಿ ತೆಗೆದುಕೊಳ್ಳೋಣ ಅಂತ ನಮ್ಮನೆಯವರು ಕಂತಿನ ಲೆಕ್ಕ ಹಾಕಲು ಕೂತರು. ಬಸ್ಸೂ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ. ಆದರೆ ಬಸ್ಸು ನಮ್ಮ ಹೊತ್ತಿಗೆ ಬರಬೇಕು, ಬಂದರೆ ಕಾಲಿಡಲು ಜಾಗ ಇರಬೇಕು, ಇಳಿದ ಮೇಲೆ ಆಫೀಸಿನವರೆಗೆ ನಡೆಯಬೇಕು. ಕಂತು ಕಟ್ಟುವ ಮನಸ್ಸು ನನಗಿರಲಿಲ್ಲ. ಅಂಕೋಲೆಯ ತವರುಮನೆಯ ಕೊಟ್ಟಿಗೆಯಲ್ಲಿ ಅಣ್ಣನ ಮಗಳ ಸೈಕಲ್ ಧೂಳು ತಿನ್ನುತ್ತಿದ್ದದ್ದು ನೆನಪಾಯಿತು.

ಅದು ಸರ್ಕಾರದ ಸೈಕಲ್. 2006-07ರಿಂದ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತಲ್ಲ, ಅದರಲ್ಲಿ ಬಂದದ್ದು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಅಟ್ಟ, ಕೊಟ್ಟಿಗೆ, ಕಟ್ಟಿಗೆ ಮನೆ ಹುಡುಕಿದರೆ ಇಂಥ ಸೈಕಲ್ ಇನ್ನೂ ಸಿಗುತ್ತವೆ. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಕುಮಟೆಗೆ ಓದಲು ಹೋದಳು, ಸೈಕಲ್ ಅಲ್ಲೇ ಉಳಿಯಿತು. ಅಣ್ಣ ತೆಂಗಿನಕಾಯಿ ಸಾಗಿಸುವ ಗೂಡ್ಸ್ ರಿಕ್ಷಾದಲ್ಲಿ ಹಾಕಿ ಕಳಿಸಿಕೊಟ್ಟ. ಕಾಯಿಯ ಮೇಲೆ ಮಲಗಿಕೊಂಡು ಬಂತು.

ಕೋಡಿಬಾಗದ ಕಡೆ ಒಂದು ಹಳೇ ಸೈಕಲ್ ಅಂಗಡಿ ಇದೆ. ನಡೆಸುವವರನ್ನು ಎಲ್ಲರೂ ಮಾಮಾ ಅಂತಲೇ ಕರೆಯುತ್ತಾರೆ, ಹೆಂಗಸರನ್ನು ಅವರು ಬಾಯಿ ಅಂತ ಕರೆಯುತ್ತಾರೆ. ನೋಡಿದವರೇ ಹಿಂದಿನ ಚಕ್ರ ಎತ್ತಿ ತಿರುಗಿಸಿದರು. ಕರಕರ ಅಂತು.

"ಬಾಯಿ, ಗುಜರಿಗೆ ಹಾಕಿದರೆ ನಿಮಗೆ ಇನ್ನೂರು ರೂಪಾಯಿ ಬರಬಹುದು."

"ಮಾಮಾ, ಓಡೋ ಹಾಗೆ ಮಾಡಿಕೊಡೋಕೆ ಎಷ್ಟಾಗ್ತದೆ?"

"ಯಾರು ಹೊಡೀತಾರೆ? ಮಗಳಾ?"

"ನಾನೇ."

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಸೈಕಲ್ಲನ್ನು ನೋಡಿದರು. ಆಮೇಲೆ ಸ್ಟೂಲು ಎಳೆದು ಕೊಟ್ಟು, "ಕೂತ್ಕೊಳ್ಳಿ, ಬಿಚ್ಚಿ ನೋಡಿಯೇ ಹೇಳ್ತೇನೆ" ಅಂದರು.

ಓವರಾಲಿಂಗ್ ಅನ್ನುವುದನ್ನು ನಾನು ಪೂರ್ತಿ ಕೂತು ನೋಡಿದ್ದು ಅದೇ ಮೊದಲು. ಎರಡೂ ಚಕ್ರ ಬಿಚ್ಚಿದರು. ಹಬ್ಬಿನ ಒಳಗಿನ ಗ್ರೀಸು ಒಣಗಿ ಕಂದು ಪುಡಿಯಾಗಿತ್ತು. ಸಣ್ಣ ಉಕ್ಕಿನ ಗುಂಡುಗಳನ್ನು ಡೀಸೆಲ್ ತುಂಬಿದ ಹಳೇ ತಟ್ಟೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು, ಮೈಮೇಲೆ ಹೊಂಡ ಬಿದ್ದವನ್ನು ಆಚೆ ಎಸೆದರು. ಒಂದು ಗುಂಡು ಕೆಟ್ಟರೂ ಅದು ಉಳಿದ ಗುಂಡುಗಳನ್ನೂ ಅವು ಉರುಳುವ ಕೋನ್ ಅನ್ನೂ ತಿನ್ನುತ್ತದಂತೆ. ಪೆಡಲ್ ಕೂರುವ ಆಕ್ಸಲ್ಲಿನ ಕಾಟರ್ ಪಿನ್ನು ತುಕ್ಕಿನಲ್ಲಿ ಅಂಟಿಕೊಂಡು ಏನು ಮಾಡಿದರೂ ಜಗ್ಗಲಿಲ್ಲ. ಎಣ್ಣೆ ಬಿಟ್ಟು ಚಹಾ ಕುಡಿದು ಬಂದು, ಅಡಿಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕಿದರು. ಹೊರಗೆ ಬಂತು. ಟಯರು, ಟ್ಯೂಬು, ಚೈನು, ಬ್ರೇಕ್ ರಬ್ಬರ್, ಕೇಬಲ್ ಹೊಸತು. ಫ್ರೇಮು, ಹ್ಯಾಂಡಲ್, ಮಡ್‌ಗಾರ್ಡ್, ಕ್ಯಾರಿಯರ್ ಹಳೆಯದೇ. ಹಿಂದಿನ ಚಕ್ರದ ಬೆಂಡ್ ತೆಗೆಯುವುದಕ್ಕೇ ಒಂದು ತಾಸು ಹಿಡಿಯಿತು. ಕಡ್ಡಿಗಳನ್ನು ಒಂದೊಂದಾಗಿ ಬಿಗಿ ಮಾಡುತ್ತ, ಸಡಿಲ ಮಾಡುತ್ತ, ಬ್ರೇಕ್ ರಬ್ಬರಿನ ಪಕ್ಕದಲ್ಲಿ ರಿಮ್ಮು ಓಡುವುದನ್ನು ಒಂದೇ ಕಣ್ಣಲ್ಲಿ ನೋಡುತ್ತ ಕೂತಿದ್ದರು.

ಒಂದು ಮಾತು ಮಾತ್ರ ಅವರು ಹಟ ಹಿಡಿದು ಹೇಳಿದರು. ಮುಂದಿನ ರಿಮ್ಮು ಬದಲಾಯಿಸಿ ಅಂತ. ಸರ್ಕಾರದ ಸೈಕಲ್ಲಿನದು ನಿಕ್ಕಲ್ ಹಾಕಿದ ಉಕ್ಕಿನ ರಿಮ್ಮು. ಒಣಗಿದ್ದಾಗ ಬ್ರೇಕ್ ಹಿಡಿಯುತ್ತದೆ. ಒದ್ದೆಯಾದರೆ ಆ ನುಣುಪು ಮೈಮೇಲೆ ರಬ್ಬರ್ ಜಾರುತ್ತದೆ, ಬ್ರೇಕ್ ಒತ್ತಿದರೂ ಸೈಕಲ್ ಮುಂದೆ ಹೋಗುತ್ತಲೇ ಇರುತ್ತದೆ. ಅಲ್ಯೂಮಿನಿಯಂ ರಿಮ್ಮು ಒದ್ದೆಯಲ್ಲೂ ಅದಕ್ಕಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. "ಬೇಸಿಗೆಗೆ ಮಾತ್ರ ಆದ್ರೆ ಬೇಡ. ಮಳೆಗಾಲಕ್ಕೂ ಹೊಡೀತೀರಿ ಅಂದ್ರೆ ಹಾಕಿಸಿ" ಅಂದರು. ಹಾಕಿಸಿದೆ. ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೆ ಮುಗಿಯಿತು. ಹೊಸ ಸೈಕಲ್ ಕೊಂಡಿದ್ದರೆ ಅದರ ಎರಡು ಪಟ್ಟಿಗೂ ಜಾಸ್ತಿ ಬೇಕಿತ್ತು. ಹೊಸದು ತಯಾರಾಗಲು ಬೇಕಾದ ಉಕ್ಕು, ಬಣ್ಣ, ಲಾರಿ ಸಾಗಾಟ ಬೇರೆ. ಹಸಿರು ಬದುಕು ಅಂತ ಮಾತಾಡುವಾಗ ಎಲ್ಲರೂ ಹೊಸದಾಗಿ ಏನು ಕೊಳ್ಳಬೇಕು ಅಂತಲೇ ಶುರು ಮಾಡುತ್ತಾರೆ. ಬಿದಿರಿನ ಬ್ರಶ್ಶು, ಗಾಜಿನ ಬಾಟಲಿ, ಬಟ್ಟೆ ಚೀಲದ ಸೆಟ್ಟು. ನನಗೆ ಅದು ವಿಚಿತ್ರ ಅನಿಸುತ್ತದೆ.

ಸೀಟಿನ ಎತ್ತರದ ಪಾಠವೂ ಅಂಗಡಿಯ ಎದುರೇ ಆಯಿತು. ಎರಡೂ ಕಾಲು ನೆಲಕ್ಕೆ ತಾಗುವ ಹಾಗೆ ಇಡಿ ಅಂತ ನಾನು. ಹಾಗಿಟ್ಟರೆ ತಿಂಗಳಲ್ಲಿ ಮಂಡಿ ಹಿಡಿಯುತ್ತದೆ ಅಂತ ಅವರು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಳ್ಳಿದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಲ್ಲಿ ತುಳಿದರೆ ಮಂಡಿ ಚೂರೇ ಚೂರು ಬಾಗಿರುತ್ತದೆ. ಅಷ್ಟು ಸಾಕು. ಎಂಟನೇ ಕ್ಲಾಸಿನ ಹುಡುಗಿಯ ಸೈಕಲ್ ಆದ್ದರಿಂದ ಸೀಟಿನ ಪೈಪು ಉದ್ದದ್ದು ಹಾಕಬೇಕಾಯಿತು.

ಮೊದಲ ವಾರ ಊರಿನವರ ಮಾತು ಕೇಳುವ ವಾರ. "ಸ್ಕೂಟಿ ಮಾರಿದ್ರಾ?" "ಡಾಕ್ಟರು ಹೇಳಿದ್ರಾ?" "ಪೆಟ್ರೋಲಿಗೆ ಅಷ್ಟೂ ತ್ರಾಸಾ?" ನಲವತ್ತು ದಾಟಿದ ಹೆಂಗಸು ಚೂಡಿದಾರ ಹಾಕಿಕೊಂಡು ಸೈಕಲ್ ತುಳಿದರೆ ಅದಕ್ಕೊಂದು ಕಾರಣ ಇರಲೇಬೇಕು ಅಂತ ಜನ ನಂಬಿದ್ದಾರೆ. ಗಂಡಸು ತುಳಿದರೆ ವ್ಯಾಯಾಮ, ಹೆಂಗಸು ತುಳಿದರೆ ಬಡತನ. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಅವರ ಚಿಂತೆ ದುಪಟ್ಟಾ ಚೈನಿಗೆ ಸಿಕ್ಕಿಕೊಳ್ಳುತ್ತದಲ್ಲ ಅನ್ನುವುದೊಂದೇ. ಅದಕ್ಕೆ ಚೈನ್ ಕವರ್ ಇದೆ, ದುಪಟ್ಟಾ ಚೀಲದಲ್ಲಿ ಇರುತ್ತದೆ ಅಂದೆ. "ಹಾಗಾದ್ರೆ ಬರುವಾಗ ಬಂಗಡೆ ತಗೊಂಡು ಬಾ" ಅಂದರು.

ಸೈಕಲ್ ಶುರು ಮಾಡಿದ್ದು 2024ರ ಬೇಸಿಗೆಯಲ್ಲಿ. ಸೆಖೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಕರಾವಳಿಯಲ್ಲಿ ಕೂತಲ್ಲೇ ಬೆವರುತ್ತೇವೆ, ತುಳಿದರೆ ಇನ್ನಷ್ಟು ಬೆವರುತ್ತೇವೆ. ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೊರಟರೆ ಅರ್ಧ ತ್ರಾಸು ಕಮ್ಮಿ. ಆಫೀಸಿನಲ್ಲಿ ಒಂದು ಟವೆಲ್, ಒಂದು ಜೊತೆ ಬಟ್ಟೆ ಇಟ್ಟಿದ್ದೇನೆ. ಮುರುಗಲು ಹಣ್ಣಿನ ಸಿಪ್ಪೆ ನೆನೆಸಿ, ಉಪ್ಪು, ಸ್ವಲ್ಪ ಬೆಲ್ಲ ಹಾಕಿದ ನೀರು ಬಾಟಲಿಯಲ್ಲಿ. ಅಷ್ಟೇ.

ಗಾಳಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಕೂಟಿಯಲ್ಲಿ ಹೋಗುವವರಿಗೆ ಗಾಳಿ ಅನ್ನುವುದು ಇಲ್ಲವೇ ಇಲ್ಲ. ಸೈಕಲ್ಲಿನಲ್ಲಿ ಎಲ್ಲವೂ ಅದೇ. ಮಳೆ ಇಲ್ಲದ ದಿನಗಳಲ್ಲಿ ಬೆಳಗಿನ ಹೊತ್ತು ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಮೆಲ್ಲಗೆ ಹೋಗುತ್ತಿರುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ತಣಿಯುವುದಿಲ್ಲ, ಅದಕ್ಕೆ. ಹಗಲು ನೆಲ ಕಾದ ಮೇಲೆ ಅದೇ ತಿರುವುಮುರುವು. ಮಧ್ಯಾಹ್ನದಿಂದ ಸಮುದ್ರದ ಗಾಳಿ ಒಳಕ್ಕೆ ನುಗ್ಗುತ್ತದೆ. ಸಂಜೆ ನಾನು ಉತ್ತರಕ್ಕೆ ಮುಖ ಮಾಡಿ ಮನೆಗೆ ಹೊರಟಾಗ ಅದು ಎಡಗಡೆಯಿಂದ, ಬೇಸಿಗೆಯಲ್ಲಿ ಸ್ವಲ್ಪ ಎದುರಿನಿಂದಲೂ ಬರುತ್ತದೆ. ನಾನು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರಿಗೆ 12ರ ಗಾಳಿ ಬಂದರೆ ಮೈಗೆ ತಾಗುವುದು 24ರ ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸಂಜೆ ಹಟ ಹಿಡಿದು ಜೋರಾಗಿ ತುಳಿಯುವುದು ದಂಡ. ನಿಧಾನ ಹೋಗಬೇಕು, ಮೈ ಬಗ್ಗಿಸಬೇಕು. ಊರೊಳಗೆ ಇರುವಷ್ಟು ಹೊತ್ತು ಸಮುದ್ರದ ಬದಿಯ ದೊಡ್ಡ ರಸ್ತೆ ಬಿಟ್ಟು, ಮನೆ ಕಾಂಪೌಂಡುಗಳ ನಡುವಿನ ಒಳರಸ್ತೆ ಹಿಡಿಯುತ್ತೇನೆ. ಕಾಜುಬಾಗದ ಕಡೆಯ ತೆಂಗು, ಮಾವಿನ ಮರಗಳ ನಡುವೆ ಗಾಳಿಯ ಸದ್ದು ಕೇಳುತ್ತದೆ, ಪೆಟ್ಟು ತಾಗುವುದಿಲ್ಲ. ಲಾರಿಗಳ ಕಾಟವೂ ಇಲ್ಲ. ನಾಯಿಗಳ ಕಾಟ ಇದೆ. ನಾಯಿ ಅಟ್ಟಿಸಿಕೊಂಡು ಬಂದರೆ ತುಳಿಯುವುದು ನಿಲ್ಲಿಸಿ ಇಳಿದುಬಿಡಬೇಕು. ಸೈಕಲ್ಲನ್ನು ನಡುವೆ ಹಿಡಿದುಕೊಂಡು ನಿಂತರೆ ಹೆಚ್ಚಿನವು ಆಸಕ್ತಿ ಕಳೆದುಕೊಂಡು ವಾಪಸ್ಸಾಗುತ್ತವೆ.

ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನ ಅಂತ ಗೊತ್ತು ಮಾಡಿತು. ಗೊತ್ತು ಮಾಡಿದವರಲ್ಲಿ ಯಾರೂ ನಮ್ಮ ಕರಾವಳಿಯವರು ಇರಲಿಕ್ಕಿಲ್ಲ. ನಮ್ಮಲ್ಲಿ ಸೈಕಲ್ ಇದ್ದವರು ಅದನ್ನು ಗೋಣಿ ಹೊದಿಸಿ ಒಳಗಿಡುವ ಹೊತ್ತು ಅದು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಜಾಗ ಇದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ.

ನನಗೆ ಒಳಗಿಡುವ ಮನಸ್ಸಿರಲಿಲ್ಲ. ಮೇ ಕೊನೆಯಲ್ಲೇ ಮಾಮನ ಹತ್ತಿರ ಹೋಗಿ ಮಳೆಗಾಲದ ತಯಾರಿ ಕೇಳಿದೆ. ಮೊದಲನೆಯದು ಎಣ್ಣೆ. ಹೊಲಿಗೆ ಮಷಿನ್ ಎಣ್ಣೆ ಬೇಸಿಗೆಗೆ ಸರಿ, ತೆಳು, ಧೂಳು ಅಂಟುವುದಿಲ್ಲ. ಮಳೆಯಲ್ಲಿ ಅದು ಒಂದೇ ದಿನಕ್ಕೆ ತೊಳೆದುಹೋಗುತ್ತದೆ. ಮಳೆಗಾಲಕ್ಕೆ ಗಟ್ಟಿ ಎಣ್ಣೆ ಬೇಕು. ಬೈಕಿನ ಇಂಜಿನ್ ಎಣ್ಣೆ ನಡೆಯುತ್ತದೆ, ಆದರೆ ಚೈನಿನ ಕೊಂಡಿ ಕೊಂಡಿಗೆ ಒಂದೊಂದೇ ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ. ಹೊರಗಿದ್ದರೆ ಅದಕ್ಕೆ ಮರಳು ಅಂಟಿ ಅರೆಯುವ ಕಲ್ಲಿನ ಹಾಗೆ ಚೈನನ್ನು ತೇಯುತ್ತದೆ. ತೆಂಗಿನೆಣ್ಣೆ ಹಾಕುವವರೂ ಇದ್ದಾರೆ. ಮನೆಯಲ್ಲಿ ಇರುತ್ತದೆ ಅಂತ ಅಷ್ಟೇ. ಕೆಲವು ದಿನಕ್ಕೆ ಅದು ಅಂಟಂಟಾಗುತ್ತದೆ. ಶಿರಸಿಯಂಥ ಕಡೆ ಚಳಿಗಾಲದ ಬೆಳಿಗ್ಗೆ ಹೆಪ್ಪೂ ಗಟ್ಟುತ್ತದೆ.

ಎರಡನೆಯದು ಸೀಟು. ಸ್ಪಂಜಿನ ಸೀಟು ಒಮ್ಮೆ ನೀರು ಕುಡಿದರೆ ವಾರಗಟ್ಟಲೆ ಆರುವುದಿಲ್ಲ. ಮುರಿದ ಕೊಡೆಯ ಬಟ್ಟೆ ಬಿಚ್ಚಿ, ಅಂಚಿಗೆ ಇಲಾಸ್ಟಿಕ್ ಹೊಲಿದು ಟೊಪ್ಪಿಯ ಹಾಗೆ ಹಾಕಿದೆ. ಕೊಡೆ ಬಟ್ಟೆ ನೀರು ಬಿಡುವುದಿಲ್ಲ, ಬೇಗ ಒಣಗುತ್ತದೆ. ನಮ್ಮಲ್ಲಿ ಮುರಿದ ಕೊಡೆಗಳಿಗೇನೂ ಬರ ಇಲ್ಲ.

ಬಟ್ಟೆಯ ವಿಷಯದಲ್ಲಿ ಬೇಗ ಒಂದು ತೀರ್ಮಾನಕ್ಕೆ ಬಂದೆ. ರೇನ್‌ಕೋಟ್ ಹಾಕಿ ತುಳಿದರೆ ಹೊರಗಿನಿಂದ ಮಳೆ ಬರುವುದಿಲ್ಲ, ಒಳಗಿನಿಂದ ಬೆವರು ಬರುತ್ತದೆ. ಒದ್ದೆಯಾಗುವುದು ಹೇಗೂ ತಪ್ಪಲಿಲ್ಲ ಅಂದ ಮೇಲೆ ಕೋಟಿನ ಭಾರ ಯಾಕೆ? ತಲೆಗೆ ಹ್ಯಾಟು, ಮೈಗೆ ತೆಳು ನೈಲಾನ್ ಜಾಕೆಟ್ಟು, ಕಾಲಿಗೆ ರಬ್ಬರ್ ಚಪ್ಪಲಿ. ಒಣ ಬಟ್ಟೆ ಆಫೀಸಿನ ಕಪಾಟಿನಲ್ಲಿ. ಹೋದ ಕೂಡಲೇ ಒರೆಸಿಕೊಂಡು ಬದಲಾಯಿಸುವುದು. ಆಫೀಸಿನ ಹಿಂದಿನ ವರಾಂಡದಲ್ಲಿ ನನ್ನ ಬಟ್ಟೆ ಒಣಗುವುದಕ್ಕೆ ಒಂದು ಹಗ್ಗ ಕಟ್ಟಿದ್ದಾರೆ. ಜುಲೈಯಲ್ಲಿ ಒಣಗುವುದಿಲ್ಲ ಬಿಡಿ, ನೀರು ಇಳಿಯುತ್ತದೆ ಅಷ್ಟೇ. ಒಂದು ನಿಯಮ ಮಾತ್ರ ಮುರಿಯುವುದಿಲ್ಲ. ನೀರು ನಿಂತ ಕಡೆ ಹೋಗುವುದಿಲ್ಲ. ಆ ನೀರಿನ ಅಡಿಗೆ ಡಾಂಬರು ಇದೆಯೋ ಹೊಂಡ ಇದೆಯೋ ಗೊತ್ತಾಗುವುದಿಲ್ಲ. ಇಳಿದು ದೂಡಿಕೊಂಡು ಹೋಗುವುದಕ್ಕೆ ನನಗೆ ನಾಚಿಕೆಯಿಲ್ಲ.

ಸೇತುವೆಯ ಸಂಗತಿ ಬೇರೆಯೇ. ಆಗ ಕಾಳಿಗೆ ಎರಡು ಸೇತುವೆ. ಗೋವಾ ಕಡೆಯಿಂದ ಕಾರವಾರಕ್ಕೆ ಬರುವ ವಾಹನ ಹಳೆಯದರಲ್ಲಿ, ಕಾರವಾರದಿಂದ ಹೋಗುವವು ಹೊಸತರಲ್ಲಿ. ನನ್ನ ಬೆಳಿಗ್ಗೆ ಹಳೇ ಸೇತುವೆ, ಸಂಜೆ ಹೊಸ ಸೇತುವೆ. ಮಳೆಗಾಲದ ಗಾಳಿ ನೈರುತ್ಯದಿಂದ ಬರುತ್ತದಲ್ಲ, ಬೆಳಿಗ್ಗೆ ದಕ್ಷಿಣಕ್ಕೆ ಹೋಗುವಾಗ ಅದು ಬಲಗಡೆಯಿಂದ ಹೊಡೆಯುತ್ತದೆ. ನಮಗೆ ಗೊತ್ತಿಲ್ಲದೆಯೇ ಸೈಕಲ್ಲನ್ನು ಚೂರು ಬಲಕ್ಕೆ ವಾಲಿಸಿಕೊಂಡೇ ಹೋಗುತ್ತಿರುತ್ತೇವೆ. ಅದೇ ಹೊತ್ತಿಗೆ ಒಂದು ದೊಡ್ಡ ಲಾರಿ ಬಲಗಡೆಯಿಂದ ಹಿಂದಿಕ್ಕಿತು ಅನ್ನಿ. ಲಾರಿಯ ಮೈ ಗಾಳಿಗೆ ಅಡ್ಡ ಬರುತ್ತದೆ. ಗಾಳಿ ತಟ್ಟನೆ ನಿಂತು, ವಾಲಿದ ಸೈಕಲ್ ಲಾರಿಯ ಕಡೆಗೇ ಹೋಗಲು ನೋಡುತ್ತದೆ. ಲಾರಿ ದಾಟಿದ ಮರುಕ್ಷಣ ಗಾಳಿ ಮತ್ತೆ ಬಂದು ಎಡಕ್ಕೆ ತಳ್ಳುತ್ತದೆ. ಇದು ಎರಡು ಸಲ ಆದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಹಿಂದೆ ದೊಡ್ಡ ಇಂಜಿನ್ ಸದ್ದು ಕೇಳಿದರೆ ಅಂಚಿಗೆ ಸರಿದು ನಿಂತುಬಿಡುವುದು. ಲಾರಿ ಹೋದ ಮೇಲೆ ಮುಂದಿನ ಮಾತು. ಹ್ಯಾಂಡಲ್ಲಿಗೆ ಒಂದು ಸಣ್ಣ ಕನ್ನಡಿಯನ್ನೂ ಹಾಕಿಸಿದೆ. ಹುಡುಗರು ನಗುತ್ತಾರೆ. ನಗಲಿ.

ಆ ಮಳೆಗಾಲ ಜಿಲ್ಲೆಗೇ ಕೆಟ್ಟದ್ದು. ಜುಲೈ 16ಕ್ಕೆ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮನೆಮನೆಯಲ್ಲೂ ಅದೇ ಮಾತು, ಅದೇ ಹೆದರಿಕೆ. ತಿಂಗಳು ತುಂಬುವ ಮುಂಚೆ, ಆಗಸ್ಟ್ 7ರ ನಡುರಾತ್ರಿ ದಾಟಿದ ಹೊತ್ತಿಗೆ, ನಮ್ಮ ಹಳೇ ಸೇತುವೆ ಕಾಳಿಗೆ ಬಿತ್ತು. ಜೊತೆಗೆ ಒಂದು ಲಾರಿಯೂ ಬಿತ್ತು. ಅದರ ಚಾಲಕನನ್ನು ಬದುಕಿಸಿದರು ಅನ್ನುವುದೊಂದೇ ಸಮಾಧಾನ. ಬೆಳಿಗ್ಗೆ ಹೋಗಿ ನೋಡಿದವರಲ್ಲಿ ನಾನೂ ಒಬ್ಬಳು. ಹಿಂದಿನ ದಿನ ತುಳಿದುಕೊಂಡು ಹೋದ ರಸ್ತೆ ನೀರಿನಲ್ಲಿ ಇಳಿಜಾರಾಗಿ ಮಲಗಿತ್ತು.

ಆಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆಯೊಂದರ ಮೇಲೇ. ಅಷ್ಟು ಇಕ್ಕಟ್ಟಿನಲ್ಲಿ, ಮಳೆಯಲ್ಲಿ, ಸೈಕಲ್ ತರುವುದು ಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು, ನನಗೂ ಹಾಗೇ ಅನಿಸಿತು. ಸೈಕಲ್ ಬಿಡುವುದೂ ಬೇಡ ಅನಿಸಿತು. ಮಾಮನನ್ನು ಕೇಳಿದೆ. "ರಾತ್ರಿ ಇಲ್ಲೇ ಬಿಟ್ಟು ಹೋಗಿ ಬಾಯಿ, ಶಟರ್ ಒಳಗೆ ಇಡ್ತೇನೆ" ಅಂದರು. ಅಲ್ಲಿಂದ ನನ್ನ ದಾರಿ ಎರಡು ತುಂಡಾಯಿತು. ಚಿತ್ತಾಕುಲಾದಿಂದ ಸೇತುವೆ ದಾಟಿ ಕೋಡಿಬಾಗದವರೆಗೆ ಪುಕ್ಕಟೆ ಬಸ್ಸು. ಕೋಡಿಬಾಗದಿಂದ ಆಫೀಸಿಗೆ ಸೈಕಲ್. ಬಸ್ಸಿನಲ್ಲಿ ನಿಲ್ಲಬೇಕಾದರೂ ಎರಡೇ ಸ್ಟಾಪು, ಸಹಿಸಬಹುದು. ಇಳಿದ ಮೇಲೆ ನಡೆಯುವ ತ್ರಾಸೂ ಇಲ್ಲ. ಈ ಜೋಡಣೆ ನನಗೆ ಎಷ್ಟು ಹಿಡಿಸಿತು ಅಂದರೆ ಈಗಲೂ ಮಳೆಗಾಲಪೂರ್ತಿ ಇದೇ ಕ್ರಮ. ಮಳೆ ನಿಂತ ಮೇಲೆ, ಬೆಳಿಗ್ಗೆ ಬೇಗ, ಲಾರಿ ಕಮ್ಮಿ ಇರುವಾಗ ಮಾತ್ರ ಸೇತುವೆಯ ಮೇಲೆ ತುಳಿಯುತ್ತೇನೆ. ಬಸ್ಸೋ ಸೈಕಲ್ಲೋ ಅಂತ ವಾದ ಮಾಡುವವರು ಎರಡನ್ನೂ ಸೇರಿಸಿ ನೋಡಿಲ್ಲ ಅನಿಸುತ್ತದೆ. ಬಸ್ ನಿಲ್ದಾಣಗಳಲ್ಲಿ ಬೀಗ ಹಾಕಿ ಸೈಕಲ್ ನಿಲ್ಲಿಸಲು ಒಂದು ಕಬ್ಬಿಣದ ಸರಳು, ಮೇಲೊಂದು ತಗಡು ಇದ್ದರೆ ಸಾಕು. ಎಲ್ಲರಿಗೂ ಶಟರ್ ಇರುವ ಮಾಮ ಸಿಗುವುದಿಲ್ಲ.

ಶಿರಸಿಯ ಗೆಳತಿಯೊಬ್ಬಳು ಕೇಳಿದಳು, ಒಮ್ಮೆ ಸೈಕಲ್ಲಲ್ಲೇ ಘಟ್ಟ ಹತ್ತಿ ಬಾರೇ ಅಂತ. ದೇವಿಮನೆ ಘಟ್ಟ ಹತ್ತಲು ಗೇರಿನ ಸೈಕಲ್ ಬೇಕು, ಪ್ರಾಯವೂ ಬೇಕು. ನಾನು ಬಸ್ಸಿಗೆ ಹೋಗಿ ಬಂದೆ.

ಸೈಕಲ್ ನಮ್ಮ ಮನೆಯ ಸಾಮಾನು ತರುವ ಕ್ರಮವನ್ನು ಬದಲಾಯಿಸಿದ್ದು ನಾನು ಯೋಚಿಸಿರದ ಸಂಗತಿ. ಸ್ಕೂಟಿಯಲ್ಲಿ ಹೋದಾಗ ಕಾಲ ಬಳಿ, ಹುಕ್ಕಿಗೆ, ಡಿಕ್ಕಿಗೆ ಅಂತ ಸಿಕ್ಕಿದ್ದನ್ನೆಲ್ಲ ತುಂಬುತ್ತಿದ್ದೆ. ಕಂಪನಿಯ ನೀರಿನ ಬಾಟಲಿ, ದೊಡ್ಡ ಚಿಪ್ಸ್ ಪೊಟ್ಟಣ, ಎರಡಕ್ಕೆ ಒಂದು ಫ್ರೀ ಸೋಪು. ಸೈಕಲ್ಲಿನ ಕ್ಯಾರಿಯರಿಗೆ ಬುಟ್ಟಿಯೊಂದನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದೇನೆ. ಅದರಲ್ಲಿ ಹಿಡಿದಷ್ಟೇ ಮನೆಗೆ. ತೂಕ ಇರುವುದನ್ನು ತುಳಿಯುವ ಕಾಲು ಲೆಕ್ಕ ಇಡುತ್ತದೆ. ಗಾಳಿ ತುಂಬಿದ ದೊಡ್ಡ ಪೊಟ್ಟಣ ಜಾಗ ತಿನ್ನುತ್ತದೆ, ಅದನ್ನು ತರುವುದೇ ನಿಂತುಹೋಯಿತು. ಯಾರೂ ಉಪದೇಶ ಮಾಡಲಿಲ್ಲ, ಬುಟ್ಟಿಯಲ್ಲಿ ಜಾಗ ಇರಲಿಲ್ಲ ಅಷ್ಟೇ.

ಮೀನಿಗೆ ಸ್ಟೀಲ್ ಡಬ್ಬಿ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆದದ್ದು 2016ರಲ್ಲಿ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳನ್ನು 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಮಾಡಿದರು. ಮೀನು ಪೇಟೆಯಲ್ಲಿ ಇವತ್ತಿಗೂ ಕೇಳಿದರೆ ಕಪ್ಪು ಚೀಲ ಸಿಗುತ್ತದೆ, ಕೇಳದಿದ್ದರೂ ಸಿಗುತ್ತದೆ. ಮಾರುವ ಹೆಂಗಸರನ್ನು ಬೈದು ಪ್ರಯೋಜನ ಇಲ್ಲ. ಗಿರಾಕಿ ಕೈಬೀಸಿಕೊಂಡು ಬಂದರೆ ಅವರು ಬಂಗಡೆಯನ್ನು ಯಾವುದರಲ್ಲಿ ಕೊಡಬೇಕು? ನಾನು ಡಬ್ಬಿ ಚಾಚಿದಾಗ ಒಬ್ಬರು, "ಇದರ ತೂಕ ಕಳೆಯೋದು ಹೇಗೆ?" ಅಂತ ತಮಾಷೆ ಮಾಡಿದರು. ಬಂಗಡೆಯನ್ನು ಅವರು ತೂಗಿ ಕೊಡುವುದೇ ಇಲ್ಲ, ಗುಂಪು ಹಾಕಿ ಮಾರುವುದು. ಡಬ್ಬಿ ಸೈಕಲ್ಲಿಗೆ ಇನ್ನೊಂದು ಲಾಭ ಕೊಟ್ಟಿತು. ಚೀಲದಿಂದ ಸೋರುವ ಮೀನಿನ ನೀರು ಉಪ್ಪು ನೀರೇ ಅಲ್ವಾ? ಅದು ಕ್ಯಾರಿಯರ್ ಮೇಲೆ ಬೀಳುವುದು ತಪ್ಪಿತು.

ತರಕಾರಿ ಭಾನುವಾರದ ಸಂತೆಯದ್ದು. ಅಂಕೋಲೆ ಕಡೆಯ ಹೆಂಗಸರು ತಮ್ಮ ಹಿತ್ತಿಲಿನದೇ ಹರಿವೆ, ಬಸಳೆ, ಮೂಲಂಗಿ, ಬದನೆ ತಂದು ಕೂತಿರುತ್ತಾರೆ. ಬಾಳೆನಾರಿನಲ್ಲಿ ಕಟ್ಟಿದ ಕಟ್ಟು, ಹಾಗೇ ಬುಟ್ಟಿಗೆ. ಮೊಗೆಕಾಯಿ ಮಾತ್ರ ಮೇ ಒಳಗೆ ಒಂದೆರಡೇ ಒಂದೆರಡು ತಂದು ಕೂಡಿಡುತ್ತೇನೆ. ಬಾಳೆಹಗ್ಗದಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಹಾಕಿದರೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಫ್ರಿಜ್ಜೂ ಬೇಡ, ಗುಡುಗಿಗೆ ಕರೆಂಟ್ ಹೋದರೆ ಚಿಂತೆಯೂ ಇಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುವಾಗ ಒಣಮೀನು, ಮೊಗೆಕಾಯಿ, ಅಮ್ಮ ಕಳಿಸಿದ ಉಪ್ಪಿನಕಾಯಿ. ಅತ್ತೆಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಅವರು ಮೊದಲಿಂದಲೂ ಹೀಗೇ ಇದ್ದವರು.

ಆಫೀಸಿನಲ್ಲಿ ಲೆಕ್ಕ ಬರೆಯುವವಳಾದ್ದರಿಂದ ಇದರ ಲೆಕ್ಕವನ್ನೂ ಹಾಕಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನನ್ನ ಓಡಾಟ ತಿಂಗಳಿಗೆ ಮುನ್ನೂರು ಕಿಲೋಮೀಟರ್ ಹತ್ತಿರ. ಲೀಟರಿಗೆ 45 ಕೊಡುವ ಸ್ಕೂಟಿಯಾದರೆ ಆರೇಳು ಲೀಟರ್, ಅಂದರೆ 15 ಕಿಲೋ ಆಸುಪಾಸು. ಚೆನ್ನಾಗಿದೆ ಅಂತ ಖುಷಿಪಡುವಾಗಲೇ ಗ್ಯಾಸ್ ಸಿಲಿಂಡರಿನ ಲೆಕ್ಕವನ್ನೂ ಹಾಕಿದೆ. 14.2 ಕಿಲೋ ಗ್ಯಾಸ್ ಉರಿದರೆ ಸುಮಾರು 42 ಕಿಲೋ. ಒಂದು ಸಿಲಿಂಡರ್ ಅಂದರೆ ನನ್ನ ಹೆಚ್ಚುಕಮ್ಮಿ ಮೂರು ತಿಂಗಳ ಸ್ಕೂಟಿ. ಅದಲ್ಲದೆ ಆ ಸ್ಕೂಟಿ ನಿಂತಿಲ್ಲ, ಮಗ ಓಡಿಸುತ್ತಾನೆ. ಉಳಿದದ್ದು ಕೊಳ್ಳದೇ ಬಿಟ್ಟ ಎರಡನೇ ಗಾಡಿಯ ಹೊಗೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ನಮ್ಮನೆಯವರ ಜೊತೆ ಇನ್ನೂ ಚರ್ಚೆ ಮುಗಿದಿಲ್ಲ.

ಸಿಲಿಂಡರ್ ಲೆಕ್ಕ ನೋಡಿದ ಮೇಲೆ ಅಡುಗೆಮನೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿದೆ. ನಮ್ಮದು ಕುಚ್ಚಲಕ್ಕಿ ಗಂಜಿಯ ಮನೆ. ಆ ಅಕ್ಕಿ ಬೇಯಲು ತಾಸುಗಟ್ಟಲೆ ಬೇಕು. ರಾತ್ರಿ ನೆನೆಸಿಟ್ಟ ಅಕ್ಕಿಯನ್ನು ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ, ಹಳೇ ಕಂಬಳಿ ಹಾಸಿದ ಬಿದಿರಿನ ಬುಟ್ಟಿಯೊಳಗೆ ಇಳಿಸುತ್ತೇನೆ. ಮೇಲೊಂದು ತಲೆದಿಂಬು. ಒಳಗಿನ ಬಿಸಿಯಲ್ಲೇ ಅನ್ನ ಬೇಯುತ್ತದೆ. ಎರಡು ತಾಸು ಬಿಟ್ಟು ತೆಗೆದು, ಊಟಕ್ಕೆ ಮುಂಚೆ ಒಮ್ಮೆ ಕುದಿ ಬರಿಸಿದರೆ ಆಯಿತು. ಅತ್ತೆ ಮೊದಲು ಪಾತ್ರೆ ಮಲಗಿದ್ದನ್ನು ನೋಡಿ ನಕ್ಕರು. ಈಗ ಅವರೇ ಮಲಗಿಸುತ್ತಾರೆ. ಸಿಲಿಂಡರ್ ಮೊದಲಿಗಿಂತ ಕೆಲವು ದಿನ ಜಾಸ್ತಿ ಬರುತ್ತದೆ.

ಹಸಿ ಕಸದ್ದೂ ಒಂದು ಮಾತು. ಬೇಸಿಗೆಯಲ್ಲಿ ಗೊಬ್ಬರದ ಡ್ರಮ್ಮು ತನ್ನ ಪಾಡಿಗೆ ತಾನಿರುತ್ತದೆ. ಮಳೆಗಾಲದಲ್ಲಿ ಎಲ್ಲ ಒದ್ದೆಯಾಗಿ, ಗಾಳಿ ಆಡದೆ, ನಾತ ಹೊಡೆಯುತ್ತದೆ. ಅದಕ್ಕೆ ಔಷಧ ಒಣ ಎಲೆ. ಏಪ್ರಿಲ್, ಮೇ ಒಳಗೆ ದರಕು ಗುಡಿಸಿ ಗೋಣಿಯಲ್ಲಿ ತುಂಬಿ ಮಾಡಿನ ಕೆಳಗಿಟ್ಟುಕೊಂಡರೆ, ಒಂದು ಹಿಡಿ ಕಸಕ್ಕೆ ಎರಡು ಹಿಡಿ ಎಲೆಯಂತೆ ಹಾಕುತ್ತ ಮಳೆಗಾಲ ಕಳೆಯಬಹುದು. ಗೋಣಿ ಬರುವುದೂ ಅದೇ ಕ್ಯಾರಿಯರ್ ಮೇಲೆ. ರಸ್ತೆ ಬದಿಯಲ್ಲಿ ಎಲೆಗೆ ಬೆಂಕಿ ಹಾಕುವ ಮುಂಚೆ ಹೋಗಬೇಕು, ಅಷ್ಟೇ.

ಸೈಕಲ್ಲಿಗೆ ಪ್ರತಿ ಭಾನುವಾರ ಸಂತೆಯಿಂದ ಬಂದ ಮೇಲೆ ಒಂದು ಚೊಂಬು ಸಿಹಿನೀರು, ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ಎಣ್ಣೆ. ಟಾಗೋರ್ ಬೀಚಿನ ಕಡೆ ಹೋಗಿಬಂದ ದಿನ ಭಾನುವಾರಕ್ಕೆ ಕಾಯುವುದಿಲ್ಲ. ಇಷ್ಟಾದರೂ ಚೈನು ವರ್ಷಕ್ಕೊಂದು ಬೇಕೇ ಬೇಕು. ಬದಲಾಯಿಸುವಾಗ ಮಾಮ ಹಳೆಯದನ್ನು ಹೊಸದರ ಪಕ್ಕ ನೇತುಹಾಕಿ ತೋರಿಸುತ್ತಾರೆ. ಅಷ್ಟೇ ಕೊಂಡಿಗಳಿದ್ದರೂ ಹಳೆಯದು ಸವೆದು ಉದ್ದವಾಗಿರುತ್ತದೆ. ತಡ ಮಾಡಿದರೆ ಅದು ಫ್ರೀವೀಲಿನ ಹಲ್ಲನ್ನೂ ತಿನ್ನುತ್ತದೆ, ಆಗ ಖರ್ಚು ಎರಡು ಪಟ್ಟು.

ಈಗ ಆಫೀಸಿನ ಪಕ್ಕದ ಟೇಬಲ್ಲಿನವಳು ಮಗಳ ಸೈಕಲ್ಲನ್ನು ಕಡವಾಡದ ಮನೆಯ ಅಟ್ಟದಿಂದ ಇಳಿಸಿದ್ದಾಳೆ. ಅದೂ ಸರ್ಕಾರದ್ದೇ. ಮಾಮನ ಅಂಗಡಿಗೆ ಕರೆದುಕೊಂಡು ಹೋದೆ. ಎರಡೂ ಟಯರು ಸೀಳಿವೆ. ಆ ಸೈಜಿನ ಟಯರು ಕಾರವಾರದಲ್ಲಿ ಸ್ಟಾಕಿಲ್ಲ, ಹುಬ್ಬಳ್ಳಿಯಿಂದ ಬರಬೇಕು, ಮುಂದಿನ ವಾರ ಸಾಮಾನು ಬರುವಾಗ ತರಿಸುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ಅವಳು ಸೀಟಿನ ವಿಷಯ ಮೂರು ಸಲ ಕೇಳಿ ಆಯಿತು.

"ಎರಡೂ ಕಾಲು ನೆಲಕ್ಕೆ ತಾಗದಿದ್ರೆ ಬೀಳೋದಿಲ್ವೇನೇ?"

"ಒಂದು ಕಾಲಿನ ತುದಿ ತಾಗ್ತದೆ. ನಿಲ್ಲೋದಕ್ಕೆ ಅಷ್ಟು ಸಾಕು."

"ಮತ್ತೆ ರಿಮ್ಮು?"

"ಮುಂದಿನದು ಅಲ್ಯೂಮಿನಿಯಂ ಹಾಕಿಸು. ಹಿಂದಿನದು ಮುಂದಿನ ವರ್ಷ ನೋಡೋಣ."